ಬೇವು ಕಂಡು ಬಂದ ವ್ಯಾನು

ಕಂಬಳಿಹುಳುಗಳು ನನ್ನನ್ನು ಕಂಡರೆ ದಾರಿ ಬಿಡುತ್ತವೆ ಎಂದು ಬೀದಿಗೆಲ್ಲ ಸಾರಿ ನಾನು ನುಗ್ಗೆ ಮರ ಹತ್ತಿದ್ದೆ. ಜಯನಗರದ ಸೈಟುಗಳು ನಮ್ಮ ಹಳ್ಳಿಯ ಹೊಲದಂಚಿಗೆ ಬಂದಿದ್ದ ಕಾಲ ಅದು. ನನ್ನ ಮೀಸೆಗೂ ಬಡಾವಣೆಗೂ ಒಂದೇ ವಯಸ್ಸು. ಮರುದಿನ ಮೈತುಂಬ ಕೆಂಪು ಗುಳ್ಳೆ, ಜೊತೆಗೆ ಜ್ವರ. ಹುಳು ಕಚ್ಚಿತೆಂದರೆ ನನ್ನ ಮರ್ಯಾದೆ ಏನಾಗಬೇಕು? ಸುಮ್ಮನೆ ಮಲಗಿದೆ.

ಅವ್ವ ನೋಡಿ ಕೈಮುಗಿದಳು. "ಅಮ್ಮ ಬಂದವ್ಳೆ." ಸಿಡುಬನ್ನು ಹೆಸರು ಹಿಡಿದು ನಮ್ಮಲ್ಲಿ ಯಾರೂ ಕರೆಯುತ್ತಿರಲಿಲ್ಲ, ಅದು ದೇವಿ, ಮನೆಗೆ ಬಂದ ಅತಿಥಿ. ಬಾಗಿಲಿಗೆ ಬೇವಿನ ಸೊಪ್ಪು ಏರಿತು. ಅದನ್ನು ಕಂಡು ಊರವರು ದೂರ ಸರಿದರು. ಹೆಲ್ತ್ ಇನ್ಸ್‌ಪೆಕ್ಟರ್ ಮಾತ್ರ ಅದನ್ನು ಕಂಡೇ ಒಳಗೆ ಬಂದ. ಕಡ್ಡಿಯಂಥ ಮನುಷ್ಯ, ನಾನು ಊದಿದ್ದರೆ ಹಾರಿಹೋಗುತ್ತಿದ್ದ. ಹೊರಗೆ ವ್ಯಾನು ನಿಂತಿತ್ತು.

"ಏಳಪ್ಪ, ಐಸೊಲೇಷನ್ ಆಸ್ಪತ್ರೆಗೆ."

"ಸಾರ್, ಇದು ಕಂಬಳಿಹುಳ ಸಾರ್!" ಮರ್ಯಾದೆಯನ್ನು ಚಾಪೆಯ ಮೇಲೇ ಬಿಟ್ಟೆ.

"ಎಲ್ರೂ ಒಂದೊಂದ್ ಹುಳ ಹೇಳ್ತಾರೆ. ಕಾನೂನಿಗೆ ಅನುಮಾನ ಸಾಕು. ನೋಡೋದು ಡಾಕ್ಟ್ರು, ಹಿಡ್ಕೊಂಡ್ ಹೋಗೋದು ನಾನು."

ಸಿಡುಬು ಬಾರದಂತೆ ದಾಕು ಹಾಕುವವರು ಬಂದಾಗಲೆಲ್ಲ ಬೇಲಿ ಹಾರಿದ ಧೀರ ನಾನು. ತೋಳಿನಲ್ಲಿ ದಾಕಿನ ಕಲೆಯೇ ಇಲ್ಲ. ಆಸ್ಪತ್ರೆಯಲ್ಲಿ ಸಿಡುಬಿನವರ ನಡುವೆ ಮಲಗಿಸಿದರೆ ಇಲ್ಲದ ಸಿಡುಬು ಅಲ್ಲೇ ಹತ್ತುತ್ತಿತ್ತು.

ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಬಂದಿರೋ ತಾಯೀನ ಹೊರಗಾಕಕ್ಕೆ ನೀನ್ಯಾವನೋ?"

ಆತ ಜಗಳಕ್ಕೆ ನಿಲ್ಲಲಿಲ್ಲ. ಬೂಟು ಬಿಚ್ಚಿಟ್ಟು, ಬೇವಿಗೆ ಕೈಮುಗಿದು, "ತಾಯಿ, ಸರ್ಕಾರದ ಹುಕುಂ. ನಡಿ, ಹೋಗೋಣ" ಎಂದ. ಕರೆದದ್ದು ನನ್ನನ್ನಲ್ಲ, ನನ್ನ ಮೈಮೇಲಿದ್ದವಳನ್ನು! ಅವ್ವ ಪಕ್ಕಕ್ಕೆ ಸರಿದಳು. ಗರಡಿಯ ಪೈಲ್ವಾನರನ್ನೆಲ್ಲ ಗೇಲಿ ಮಾಡಿದ್ದ ನಾನು, ದೇವರಿಗೇ ಹುಕುಂ ಕೊಟ್ಟ ಆ ಕಡ್ಡಿಯ ಹಿಂದೆ ಬಾಯಿ ಬಿಟ್ಟುಕೊಂಡು ನಡೆದೆ.

ಬೀದಿಯ ಎರಡೂ ಬದಿ ಜನ ವ್ಯಾನಿಗೆ ಕೈಮುಗಿದರು. ಯಾವ ಮಂತ್ರಿಗೆ ಸಿಕ್ಕಿತ್ತು ಅಂಥ ಮೆರವಣಿಗೆ? ಒಳಗೆ ನಾನು ಭಯ ಮುಚ್ಚಲು ಇನ್ಸ್‌ಪೆಕ್ಟರಿಗೆ ದಾರಿಯುದ್ದಕ್ಕೂ ಜಂಬ ಕೊಚ್ಚುತ್ತಿದ್ದೆ.

ಆಸ್ಪತ್ರೆಯ ಗೇಟಿನ ಹತ್ತಿರವೇ ಡಾಕ್ಟರು ಇಳಿಸಿ ನೋಡಿದರು. ಅಂಗೈ ನೋಡಿದರು, ಅಂಗಾಲು ನೋಡಿದರು. ಕತ್ತಿಗೆ ಚುಚ್ಚಿಕೊಂಡಿದ್ದ ಹುಳದ ಕೂದಲೆಳೆಯೊಂದನ್ನು ಚಿಮಟದಲ್ಲಿ ಕಿತ್ತರು.

"ನುಗ್ಗೆ ಮರ ಹತ್ತಿದ್ಯೇನಯ್ಯ?"

"ಹೂಂ ಸಾರ್."

"ಇವನನ್ನ ಒಳಗ್ ಬಿಡ್ಬೇಡ್ರಿ. ಸಿಡುಬಲ್ಲ."

ಅಷ್ಟೇ. ಒಂದು ಮಾತಿಗೆ ಹಿಡಿದಿದ್ದರು, ಒಂದು ಮಾತಿಗೆ ಬಿಟ್ಟರು. ಗೇಟಿನಾಚೆ ಕಿಟಕಿಯೊಂದರಲ್ಲಿ ಮುಖದ ತುಂಬ ಗುಳ್ಳೆಯೆದ್ದ ಹೆಂಗಸು ನಾನು ಹೊರಗೆ ಹೋಗುವುದನ್ನೇ ನೋಡುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಬೇಗ ಬೇಗ ನಡೆದೆ.

ಮನೆಯಲ್ಲಿ ಅವ್ವ ನನ್ನ ಕೆನ್ನೆ ಮುಟ್ಟಿ ಮುಟ್ಟಿ ನೋಡಿದಳು.

"ಡಾಕ್ಟ್ರು ಹುಳ ಅಂದ್ರು ಕಣವ್ವ."

"ಅವರ್ಗೇನ್ ಗೊತ್ತು? ದಾರಿಯುದ್ದಕ್ಕೂ ನಿನ್ ಜಂಬ ಕೇಳಿ ಸಾಕಾಗಿ, ತಾಯಿ ಗೇಟಲ್ಲೇ ಇಳ್ಕೊಂಡವ್ಳೆ" ಎಂದು ಅವ್ವ ದೇವಿಯ ಎಡೆಗೆ ಮೊಸರನ್ನ ಕಲಸಲು ಹೋದಳು.