ಗಿಟಾರಿಗೆ ಒಗ್ಗಿದ ರೇಡಿಯೋ

ಸಿಂದಗಿಯಲ್ಲಿ ನಾನು ಮೈಕ್ ಸೆಟ್ ಬಾಡಿಗೆ ಕೊಡುತ್ತೇನೆ. ಆಂಪ್ಲಿಫೈಯರ್ ರಿಪೇರಿಯನ್ನು ಪುಸ್ತಕ ಓದಿಯೇ ಕಲಿತವಳು. ನನ್ನಿಂದ ಆಗುವುದಿಲ್ಲ ಎಂದು ಯಾರ ಮುಂದೆಯೂ ಅಂದವಳಲ್ಲ. ಒಂದು ದಿನ ದೇವಣಗಾಂವದ ಆಸ್ಪತ್ರೆಯ ನರ್ಸ್ ಒಬ್ಬಳು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದಳು. ಹಾಸನದ ಕಡೆಯವಳು, ಒಬ್ಬಳೇ ಇದ್ದಾಳೆ.

ಅದನ್ನು ನನ್ನ ದೊಡ್ಡ ಆಂಪ್ಲಿಫೈಯರಿನ ಮೈಕ್ ಸಾಕೆಟ್ಟಿಗೆ ಜೋಡಿಸಿದೆ. ತಂತಿ ಮೀಟಿದರೆ ನೆಗಡಿಯಾದವರ ದನಿ ಬಂತು.

"ಇಂಡಿ ಊರಿನ ಅಂಗಡೀಲೂ ಹೀಗೇ ಆಯ್ತು ಮೇಡಂ. ಇವತ್ತೂ ಆಗದಿದ್ರೆ ಮಾರಿಬಿಡ್ತೀನಿ."

"ಗಿಟಾರದಾಗ ದೋಷಿಲ್ಲ ತಂಗಿ. ಅದರ ಸಿಗ್ನಲ್ ಭಾಳ ನಾಜೂಕ. ಮೈಕಿನ ಸಾಕೆಟ್ ಅದನ್ನ ಅರ್ಧಾ ನುಂಗತೈತಿ. ತಡಿ."

ಅಂಗಡಿಯ ಹಿಂದಿನ ಕೋಣೆಯೇ ನನ್ನ ಮನೆ. ಅಲ್ಲಿ ನಾನೇ ದುರಸ್ತಿ ಮಾಡಿದ ಗಾಜಿನ ವಾಲ್ವ್‌ಗಳ ಹಳೆಯ ರೇಡಿಯೋ ಇದೆ. ಬಾಗಿಲು ಹಾಕಿದ ಮೇಲೆ ಮನೆಯಲ್ಲಿ ಮಾತಾಡುವುದು ಅದೊಂದೇ. ಅದರ ಬೆನ್ನಿಗೆ ಗ್ರಾಮಫೋನ್ ಜೋಡಿಸುವ ಸಾಕೆಟ್ ಇದೆ, ನಾಜೂಕು ಸಿಗ್ನಲ್ಲಿಗೆಂದೇ ಮಾಡಿದ್ದು. ಗಿಟಾರನ್ನು ಅದಕ್ಕೆ ಜೋಡಿಸಿದೆ. ಆಕೆ ಒಂದು ತಂತಿ ಮೀಟಿದಳು. ದುಂಡಗಿನ ಸ್ವರ ಕೋಣೆ ತುಂಬಿತು. ಆಕೆ ಅದೇ ತಂತಿಯನ್ನು ಮತ್ತೆ ಮತ್ತೆ ಮೀಟಿದಳು.

"ಇದನ್ನ ನನಗೆ ಕೊಡ್ತೀರಾ ಮೇಡಂ?"

"ಕೊಡಾಂಗಿಲ್ಲ."

ಆಕೆ ಗಿಟಾರನ್ನು ಚೀಲಕ್ಕೆ ಹಾಕತೊಡಗಿದಳು.

"ರೇಡಿಯೋ ಕೊಡಾಂಗಿಲ್ಲ ಅಂದೆ. ಬಾರ್ಸಬ್ಯಾಡ ಅಂದೆನೇನು? ಐತವಾರ ಇಲ್ಲೇ ಬಾ."

ಈಗ ಪ್ರತಿ ಭಾನುವಾರ ತಪ್ಪದೆ ಬರುತ್ತಾಳೆ. ಈ ಹಳೆಯ ವಾಲ್ವ್‌ಗಳು ದೇವಣಗಾಂವದ ಕರೆಂಟಿಗೆ ತಡೆಯುವುದಿಲ್ಲ, ಅದಕ್ಕೇ ಕೊಡಲಿಲ್ಲ ಎಂದು ಹೇಳಿದ್ದೇನೆ. ಆಕೆಯೂ ನಂಬಿದವಳ ಹಾಗೆ ತಲೆಯಾಡಿಸುತ್ತಾಳೆ.