ಸಾವಿನ ಮನೆಯ ಹುಲ್ಲು

ಓಹಾಯೋದ ಆ ಬೀದಿಯಲ್ಲಿ ಸಾವಾದ ಮನೆಯ ಅಂಗಳದ ಹುಲ್ಲನ್ನು ನೆರೆಯವರೇ ಕತ್ತರಿಸುವುದು ವಾಡಿಕೆ. ಗಂಡ ತೀರಿಕೊಂಡು ವರ್ಷವಾದರೂ ಪಕ್ಕದ ಮನೆಯ ಗ್ಲೆನ್ ಅದನ್ನು ನಿಲ್ಲಿಸದಿದ್ದುದರಿಂದ, ಅರವತ್ತೆಂಟರ ಆರ್ಡಿತ್ ಹುಲ್ಲು ಕತ್ತರಿಸುವ ಯಂತ್ರದ ಅಂಗಡಿಗೆ ಹೋದಳು. ಅಲ್ಲಿದ್ದ ಎರಡು ಪೆಟ್ರೋಲ್ ಯಂತ್ರಗಳಲ್ಲಿ ಅಗ್ಗದ್ದನ್ನು ತಳ್ಳಬೇಕು, ಇನ್ನೊಂದು ತಾನೇ ಉರುಳುತ್ತದೆ.

"ಇದರ ಹಿಂದೆ ಸುಮ್ನೆ ನಡೆದ್ರೆ ಸಾಕಮ್ಮಾ," ಎಂದ ಅಂಗಡಿಯವ.

"ನಲವತ್ತು ವರ್ಷ ಗಂಡನ ಹಿಂದೆ ನಡೆದಿದ್ದೀನಪ್ಪ, ಅದೇನೂ ಕಷ್ಟವಿಲ್ಲ. ಶುರು ಮಾಡೋ ಹಗ್ಗ ಎಳೆಯೋಕಾಗುತ್ತಾ ನೋಡ್ಬೇಕು."

ಅಗ್ಗದ್ದು ಮೂರು ಸಲ ಎಳೆದರೂ ಕೆಮ್ಮಿ ಸುಮ್ಮನಾಯಿತು. ಇನ್ನೊಂದು ಮೊದಲ ಎಳೆತಕ್ಕೇ ಗುಡುಗಿತು. ಅದನ್ನೇ ಕೊಂಡಳು.

ಶನಿವಾರ ಗ್ಲೆನ್ ಬರುವಷ್ಟರಲ್ಲಿ ಅವಳು ಅಂಗಳದ ಹುಲ್ಲು ಕತ್ತರಿಸಿ ಮುಗಿಸಿದ್ದಳು.

"ಯಾಕೆ ಆರ್ಡಿತ್, ನನ್ನ ಕೆಲಸ ಸರಿಯಿರಲಿಲ್ವಾ?"

"ಚೆನ್ನಾಗೇ ಇತ್ತು ಕಣೋ. ಆದ್ರೆ ನೀನು ಬಂದಾಗಲೆಲ್ಲ ನಮ್ಮನೆಯವರು ಅವತ್ತೇ ಹೋದ ಹಾಗಾಗ್ತಿತ್ತು."

ಗ್ಲೆನ್ ಟೋಪಿ ತೆಗೆದು ಅವಳಿಗೆ ತಲೆಬಾಗಿದ. ಆಮೇಲೆ ತನ್ನ ಯಂತ್ರವನ್ನು ಮನೆಯ ಕಡೆಗೆ ತಿರುಗಿಸಿದ.