ಅಕ್ಕನ ದೇವರ ಕಪಾಟಿನ ಚೀನೀ ಅಕ್ಷರ

ಶನಿವಾರ ಬೆಳಿಗ್ಗೆ ಶಿಕಾಗೋ ಪಕ್ಕದ ಲೊಂಬಾರ್ಡ್ ಬಿಟ್ಟಾಗ ನಲವತ್ತೊಂದು ಡಿಗ್ರಿ ಫ್ಯಾರನ್‌ಹೀಟಿನ ಚಳಿ, ಜಿನುಗು ಮಳೆ. ಮಿಷಿಗನ್ನಿನ ಪ್ಲಿಮತ್‌ನಲ್ಲಿರುವ ಅಕ್ಕನ ಮನೆಗೆ ಸುಮಾರು ಇನ್ನೂರೆಪ್ಪತ್ತು ಮೈಲಿ. ವಾರವಿಡೀ ದುಡಿದು ನಾನೇ ಸೋತಿದ್ದೆ; ಹೊರಟಿದ್ದು ಮಾತ್ರ ಅಕ್ಕನಿಗೆ ವಿಶ್ರಾಂತಿಯ ಬುದ್ಧಿ ಹೇಳಲು. ಅಕ್ಕ ಆಸ್ಪತ್ರೆಯಲ್ಲಿ ಡಾಕ್ಟರ್. ಡ್ಯೂಟಿಯಲ್ಲಿ ಎರಡು ಸಲ ತಲೆಸುತ್ತಿ ಬಿದ್ದಿದ್ದಳು. ಹೃದಯದ ಡಾಕ್ಟರು ಕೂಡಲೇ ರಜೆ ಹಾಕಲು ಹೇಳಿದರೂ ಒಪ್ಪುತ್ತಿಲ್ಲವೆಂದು ಅವಳ ಮಗಳು ಅನ್ವಿ ನನಗೆ ಫೋನ್ ಮಾಡಿದ್ದಳು.

ಗ್ಯಾರಿ ಊರು ದಾಟುವವರೆಗೂ ಟ್ರಕ್ಕುಗಳು ಗಾಜಿಗೆ ನೀರೆರಚಿದವು. ಮಿಷಿಗನ್ ಗಡಿಯಲ್ಲಿ ಕಾಲವಲಯ ಬದಲಾಗಿ ಗಡಿಯಾರ ಒಂದು ತಾಸು ಮುಂದೆ ಹಾರಿತು. ಕಲಮಜೂ ಬಳಿ ಪೆಟ್ರೋಲ್ ಹಾಕಿಸಿ, ತಣ್ಣಗಾದ ಚಪಾತಿಯನ್ನು ಶೇಂಗಾ ಚಟ್ನಿಯ ಜೊತೆ ಕಾರಿನಲ್ಲೇ ತಿಂದೆ.

ಮನೆ ಮುಟ್ಟಿದಾಗ ಅಕ್ಕ ಫೋನಿನಲ್ಲಿದ್ದಳು. ಯಾರದೇ ಫೋನಾದರೂ ಮೊದಲ ರಿಂಗಿಗೇ ಎತ್ತುವವಳು; ಅವಳ ಫೋನು ಎರಡನೇ ಸಲ ರಿಂಗ್ ಆದದ್ದನ್ನು ನಾನು ಎಂದೂ ಕೇಳಿಲ್ಲ. ಊಟದ ಹೊತ್ತಿಗೆ ವಿಷಯ ತೆಗೆದೆ. ವಾರ್ಡಿನಲ್ಲಿ ಜನ ಕಡಿಮೆ, ಸೋಮವಾರ ಹೋಗಲೇಬೇಕು ಎಂದಳು. ವಾದಿಸಿ ವಾದಿಸಿ ಕೊನೆಗೆ ಇಬ್ಬರೂ ತಟ್ಟೆ ತೊಳೆಯಲು ಎದ್ದೆವು.

ಭಾನುವಾರ ಬೆಳಿಗ್ಗೆ ಅವಳು ದೀಪ ಹಚ್ಚುವಾಗ ನೋಡಿದೆ. ಕಪಾಟಿನಲ್ಲಿ ಬನಶಂಕರಿಯ ಪಕ್ಕ ಒಂದು ಚಿಕ್ಕ ಚೌಕಟ್ಟು, ಅದರೊಳಗೆ ಕಪ್ಪು ಶಾಯಿಯ ಒಂದೇ ಅಕ್ಷರ: 休. ಗಾಜಿನ ಮೇಲೆ ವರ್ಷಗಳ ಕುಂಕುಮ. ಅದನ್ನು ಶಿಕಾಗೋದ ಚೈನಾಟೌನಿನಿಂದ ನಾನೇ ತಂದುಕೊಟ್ಟೆನೆಂದು ನನ್ನ ನೆನಪು. ಅಲ್ಲ, ಚೀನಾದ ಒಬ್ಬ ಪೇಶಂಟ್ ಅಜ್ಜಿ ಕೈಯಾರೆ ಬರೆದು ಕೊಟ್ಟದ್ದು ಎಂದಳು ಅಕ್ಕ. ಅಂಗಡಿಯ ಬಾಗಿಲಿನ ಗಂಟೆಯ ಸದ್ದು ಕೂಡ ನನಗೆ ನೆನಪಿದೆ, ಆ ನೆನಪು ಎಲ್ಲಿಂದ ಬಂತೋ. ಅರ್ಥ ಅವಳಿಗೂ ಗೊತ್ತಿರಲಿಲ್ಲ. "ಏನರ ಛಲೋದ ಇರ್ತದ ಅಂದ್ಕೊಂಡೆ. ಹಿರೇರು ಕೊಟ್ಟಿದ್ದಲಾ."

ಅನ್ವಿ ಸೀರಿಯಲ್ ತಿನ್ನುತ್ತಿದ್ದಳು. ಈ ವರ್ಷ ಅವಳಿಗೆ ಸ್ಕೂಲಿನಲ್ಲಿ ಚೀನೀ ಭಾಷೆ. "ಅಮ್ಮಾ, ಇಟ್ ಮೀನ್ಸ್ ರೆಸ್ಟ್. ಐ ಥಾಟ್ ಯು ನ್ಯೂ." ಎದ್ದು ಬಂದು ಚಮಚದ ತುದಿಯಿಂದ ತೋರಿಸಿದಳು: ಎಡಗಡೆಯದು ಮನುಷ್ಯ, ಬಲಗಡೆಯದು ಮರ. ದಣಿದವನು ಮರಕ್ಕೆ ಒರಗಿದ್ದಾನೆ. ರಜೆ, ನಿವೃತ್ತಿ ಎಂಬ ಮಾತುಗಳನ್ನು ಬರೆಯುವಾಗಲೂ ಇದೇ ಅಕ್ಷರ ಬರುತ್ತದಂತೆ.

ಅಕ್ಕ ಕುಂಕುಮದ ಬೆರಳನ್ನು ಹಾಗೇ ಹಿಡಿದು ನಿಂತಳು. "ಇಷ್ಟ್ ವರ್ಷ ಇದಕ್ಕ ಕೈ ಮುಗದೀನಲ್ಲೋ."

"ಹಂಗಾರ ಅದರ ಮಾತರ ಕೇಳು" ಎಂದೆ.

"ನೀ ಸುಮ್ನಿರು ತಮ್ಮಾ. ಕನ್ನಡ್ಯಾಗ ಮುಖ ನೋಡ್ಕೊಂಡಿ ಏನು?"

ಅವಳು ಅಕ್ಷರಕ್ಕೆ ಕುಂಕುಮವಿಟ್ಟು ಕಪಾಟು ಮುಚ್ಚಿದಳು.

ಮಧ್ಯಾಹ್ನ ಹೊರಟೆ. ಜ್ಯಾಕ್ಸನ್ ದಾಟಿದ ಮೇಲೆ ಕಣ್ಣು ಎಳೆಯತೊಡಗಿ ಹೆದ್ದಾರಿ ಬದಿಯ ಒಂದು ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿದೆ. ಮರಗಳಿದ್ದವು, ತೊಗಟೆಯೆಲ್ಲ ಒದ್ದೆ. ಕಾರಿಗೇ ಒರಗಿ ನಿಂತಾಗ ಅಕ್ಕನ ಫೋನ್ ಬಂತು.

"ಆರು ವಾರಕ್ಕ ಲೀವ್ ಅಪ್ಲೈ ಮಾಡೀನಿ."

ನಾನು ಏನು ಹೇಳಿದೆನೋ ನೆನಪಿಲ್ಲ. ಅವಳು ಹೇಳಿದ್ದು ಮಾತ್ರ ಸರಿಯಾಗಿ ನೆನಪಿದೆ: "ಮನಿ ಮುಟ್ಟಿದ ಮ್ಯಾಲೆ ಫೋನ್ ಮಾಡಬ್ಯಾಡ. ಮಲಗಿರ್ತೀನಿ, ಎತ್ತಂಗಿಲ್ಲ."

ಲೊಂಬಾರ್ಡ್ ಮುಟ್ಟಿ, ತಡೆಯಲಾರದೆ ಫೋನ್ ಮಾಡಿಯೇ ನೋಡಿದೆ. ಎರಡನೇ ಸಲ, ಮೂರನೇ ಸಲ, ಅದು ರಿಂಗ್ ಆಗುತ್ತಲೇ ಇತ್ತು; ಹೇಳಿದಂತೆಯೇ ಅಕ್ಕ ಎತ್ತಲಿಲ್ಲ.